ಏಳು ಸಲ ಸತ್ತ ಕೀಬೋರ್ಡ್

ನಾನು ಒಂದು ಕೀಬೋರ್ಡ್. ಪತ್ರಿಕೆಗಳಲ್ಲಿ ನನ್ನನ್ನು ಕೀಲಿಮಣೆ ಎಂದು ಬರೆಯುತ್ತಾರೆ, ಆದರೆ ಆ ಹೆಸರಿನಿಂದ ಯಾರೂ ನನ್ನನ್ನು ಕರೆದದ್ದಿಲ್ಲ. ಹುಟ್ಟಿದ್ದು ದೂರದೇಶದ ಒಂದು ಕಾರ್ಖಾನೆಯಲ್ಲಿ. ಅದೇ ದಿನ, ಅದೇ ಅಚ್ಚಿನಲ್ಲಿ ನನ್ನಂಥವು ಸಾವಿರಾರು ಹುಟ್ಟಿದವು. ಆದ್ದರಿಂದ ಹುಟ್ಟಿನ ಬಗ್ಗೆ ಹೇಳಿಕೊಳ್ಳುವಂಥ ಹೆಮ್ಮೆಯೇನಿಲ್ಲ.

ಒಂದು ಮಾತ್ರ ನೆನಪಿದೆ. ಡಬ್ಬಿಗೆ ತುಂಬುವ ಮೊದಲು ಒಬ್ಬ ಹೆಂಗಸು ನನ್ನ ಎರಡು ಗುಂಡಿಗಳ ಮೇಲೆ ತೋರುಬೆರಳು ಸವರಿ ನೋಡಿದಳು. ನಡುಸಾಲಿನ ಎಫ್ ಮತ್ತು ಜೆ. ಆ ಎರಡರ ಮೇಲೆ ಮಾತ್ರ ಅಕ್ಕಿಯ ನುಚ್ಚಿನಷ್ಟು ಒಂದೊಂದು ಉಬ್ಬು ಇದೆ. ಉಬ್ಬು ಇದೆಯೆಂದು ಖಾತ್ರಿಯಾದ ಮೇಲೆ ಆಕೆ ತಲೆಯಾಡಿಸಿ ನನ್ನನ್ನು ಮುಂದಕ್ಕೆ ತಳ್ಳಿದಳು. ಅದು ಯಾತಕ್ಕೆಂದು ನನಗೆ ಯಾರೂ ಹೇಳಲಿಲ್ಲ. ತಿಳಿಯುವುದಕ್ಕೆ ಹನ್ನೆರಡು ವರ್ಷ ಬೇಕಾಯಿತು.

ನಾನು ಅಂಗಾತ ಮಲಗಿಯೇ ಬದುಕುವವನು. ಮನುಷ್ಯರನ್ನು ಗಲ್ಲದ ಕೆಳಗಿನಿಂದ ಬಲ್ಲೆ. ಮೂಗಿನ ಹೊಳ್ಳೆ, ಕ್ಷೌರದ ಬ್ಲೇಡು ತಪ್ಪಿಸಿಕೊಂಡ ಕೂದಲು, ಚಹಾ ಕುಡಿಯುವಾಗ ಏರಿಳಿಯುವ ಗಂಟಲು, ಇವೆಲ್ಲ ನನಗೆ ಚೆನ್ನಾಗಿ ಗೊತ್ತು. ಪರದೆಯಲ್ಲಿ ಏನಿದೆಯೆಂದು ಒಮ್ಮೆಯೂ ನೋಡಿಲ್ಲ. ಅದರ ಬೆಳಕು ಬಿದ್ದ ಮುಖಗಳನ್ನು ನೋಡಿದ್ದೇನೆ. ಅಷ್ಟೇ ಸಾಕಾಗಿದೆ.

ಮೊದಲ ಐದು ವರ್ಷ ಗದಗದ ಬಸ್‌ ಸ್ಟ್ಯಾಂಡ್ ಹತ್ತಿರ ಮೌಲಾಲಿಯ ಗೇಮ್ ಸೆಂಟರಿನಲ್ಲಿ ಕಳೆದೆ. ಎಂಟು ಕಂಪ್ಯೂಟರು, ಎಂಟು ಕೀಬೋರ್ಡು. ಕಾಲೇಜು ತಪ್ಪಿಸಿದವರು, ಬಸ್ಸು ತಪ್ಪಿಸಿಕೊಂಡವರು ಎಲ್ಲರೂ ಬರುತ್ತಿದ್ದರು. ಆಟಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ ಒಂದೇ ಮಾತು ಹೇಳುತ್ತೇನೆ: ಎಲ್ಲ ಆಟವೂ ಓಟ. ನನ್ನ ನೂರನಾಲ್ಕು ಗುಂಡಿಗಳಲ್ಲಿ ಅವರಿಗೆ ಬೇಕಾದವು ನಾಲ್ಕೇ. ಡಬ್ಲ್ಯೂ ಒತ್ತಿದರೆ ಮುಂದೆ, ಎಸ್ ಒತ್ತಿದರೆ ಹಿಂದೆ, ಎ ಮತ್ತು ಡಿ ಒತ್ತಿದರೆ ಅಕ್ಕಪಕ್ಕ. ಎರಡೇ ವರ್ಷದಲ್ಲಿ ಡಬ್ಲ್ಯೂ ಮೇಲಿನ ಅಕ್ಷರ ಅಳಿಸಿಹೋಯಿತು. ಹಿಂದೆ ಬರುವ ಎಸ್ ಮಾತ್ರ ತೀರಾ ತಡವಾಗಿ ಸವೆಯಿತು. ಅದನ್ನು ಒತ್ತುವ ವ್ಯವಧಾನ ಯಾರಿಗೂ ಇರಲಿಲ್ಲ.

ಹೊಸ ಆಟ ಬಂದಾಗಲೆಲ್ಲ "ಇದರ ಮುಂದ ಹಳೇದೆಲ್ಲಾ ಕಸಾ ಬಿಡೋ" ಎನ್ನುತ್ತಿದ್ದರು. ಮರುವರ್ಷ ಆ ಹೊಸದೂ ಕಸವಾಗುತ್ತಿತ್ತು. ನನಗೆ ಮಾತ್ರ ಅದೇ ನಾಲ್ಕು ಗುಂಡಿ, ಅದೇ ಗುದ್ದು. ಆಮೇಲೆ ಎಲ್ಲರ ಕಿಸೆಯಲ್ಲೂ ಆಟವಾಡುವ ಫೋನು ಬಂತು. ಮೌಲಾಲಿ ಅಂಗಡಿ ಮುಚ್ಚಿ ಅಲ್ಲೇ ಮೊಬೈಲ್ ಕವರುಗಳನ್ನು ತೂಗುಹಾಕಿದ. "ಅಕ್ಷರಾನ ಇಲ್ಲ ಇದರ ಮ್ಯಾಲೆ, ಯಾರು ಒಯ್ತಾರ" ಎಂದು ನನ್ನನ್ನು ಒಂದು ಮೂಲೆಗೆ ಎಸೆದ. ಅಲ್ಲಿಂದ ನನ್ನನ್ನು ಎತ್ತಿಕೊಂಡವರು ಹೊಂಬಳ ಸರ್.

ಗುರುಸಿದ್ದಪ್ಪ ಹೊಂಬಳ ಊರಿನ ಒಂದು ಸಂಜೆ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದವರು. ಸಂಭಾವಿತರು, ಗಲ್ಲದ ಕೆಳಗೆ ಒಂದು ನರೂಲಿ. ಪತ್ರಿಕೆಗೆ ತಂತ್ರಜ್ಞಾನದ ಅಂಕಣವೊಂದು ಬೇಕೆಂದು ಸಂಪಾದಕ ಸೋಮನಗೌಡರಿಗೆ ಅನ್ನಿಸಿದಾಗ, ಇಂಗ್ಲಿಷ್ ಓದಿ ಕನ್ನಡದಲ್ಲಿ ಬರೆಯಬಲ್ಲವರು ಇವರೊಬ್ಬರೇ ಇದ್ದರು. ಅಂಕಣಕ್ಕೆ "ಹೊಸದೇನು?" ಎಂದು ಹೆಸರಿಟ್ಟರು. ಪ್ರತಿ ಗುರುವಾರ ಬರುತ್ತಿತ್ತು. ಹೊಂಬಳ ಸರ್ ಬಿಳಿ ಕಾಗದದ ಚೂರುಗಳ ಮೇಲೆ ದುಂಡಗೆ ಕನ್ನಡ ಅಕ್ಷರ ಬರೆದು, ನನ್ನ ಗುಂಡಿಗಳ ಮೇಲಿಟ್ಟು ಟೇಪು ಅಂಟಿಸಿದರು. ಆ ಟೇಪಿನಡಿಯಲ್ಲಿ ನನ್ನ ಎರಡು ಉಬ್ಬುಗಳೂ ಮುಚ್ಚಿಹೋದವು.

ಏಳು ವರ್ಷ ಅವರ ಎರಡು ಬೆರಳುಗಳು ನನ್ನ ಮೇಲೆ ಓಡಾಡಿದವು. ಮಡಚುವ ಫೋನು, ಮಾತಾಡುವ ಫ್ರಿಜ್ಜು, ಕಣ್ಣಿಗೆ ಕಟ್ಟಿಕೊಂಡು ಆಡುವ ಆಟ, ತಾನೇ ಓಡುವ ಕಾರು, ಎಲ್ಲದರ ಬಗ್ಗೆಯೂ ಅವರಿಗೆ ಅಭಿಪ್ರಾಯವಿತ್ತು. "ಬಳಸಲು ಬಲು ಹಗುರ" ಎಂದು ಬರೆಯುತ್ತಿದ್ದರು. "ಆಟದ ದೃಶ್ಯಗಳು ಅದ್ಭುತ" ಎಂದೂ ಬರೆಯುತ್ತಿದ್ದರು. ಅವರ ಕಿಸೆಯಲ್ಲಿದ್ದದ್ದು ರಬ್ಬರ್ ಬ್ಯಾಂಡ್ ಸುತ್ತಿದ ಗುಂಡಿಯ ಫೋನು. ಜೀವಮಾನದಲ್ಲಿ ಒಂದೂ ಆಟ ಆಡಿದವರಲ್ಲ. ಸುದ್ದಿ ಓದುವುದು, ಅದಕ್ಕೊಂದಿಷ್ಟು ಒಗ್ಗರಣೆ ಹಾಕುವುದು, ಗುರುವಾರಕ್ಕೆ ಬಡಿಸುವುದು, ಇಷ್ಟೇ ಅವರ ಕೆಲಸ. ಅವರು ಸುಳ್ಳುಗಾರರಲ್ಲ. ಮುಟ್ಟಿ ನೋಡಬೇಕೆಂಬುದು ಅವರಿಗೆ ಹೊಳೆದೇ ಇರಲಿಲ್ಲ. ಓದುಗರೂ ಕೇಳಿರಲಿಲ್ಲ.

ಮತ್ತೆ, "ಕೀಲಿಮಣೆಗಳ ಕಾಲ ಮುಗಿಯಿತು" ಎಂಬ ವಾಕ್ಯ. ಅದನ್ನು ಅವರು ಬರೆದದ್ದು ಏಳು ಸಲ. ಫೋನಿನಲ್ಲಿ ಗುಂಡಿ ಹೋದಾಗ ಒಮ್ಮೆ, ಮಾತು ಕೇಳುವ ತಂತ್ರಾಂಶ ಬಂದಾಗ ಒಮ್ಮೆ, ಗಾಳಿಯಲ್ಲಿ ಕೈಬೀಸಿದರೆ ಸಾಕು ಎಂದಾಗ ಒಮ್ಮೆ, ಹೀಗೇ. ಪ್ರತಿ ಸಲವೂ ಅದನ್ನು ನನ್ನ ಮೇಲೆಯೇ ಟೈಪ್ ಮಾಡಿದರು. ನನ್ನ ಸಾವಿನ ಸುದ್ದಿಯನ್ನು ನನ್ನ ಎದೆಯ ಮೇಲೆಯೇ ಬರೆದು, ಮರುದಿನ ಬಂದು ಒರೆಸಿ ಮತ್ತೆ ಕೆಲಸಕ್ಕೆ ಹಚ್ಚುತ್ತಿದ್ದರು. ಮೊದಲೆರಡು ಸಲ ಹೆದರಿಕೆಯಾಗಿತ್ತು. ಆಮೇಲೆ ಆಮೇಲೆ ಬೇಸರ ಬಂತು. ಸಾಯಿಸುವುದಾದರೆ ಒಮ್ಮೆ ಸಾಯಿಸಿ ಮುಗಿಸಬಾರದೇ ಎನಿಸುತ್ತಿತ್ತು.

ಏಳನೆಯ ಸಲದ್ದು ಮಾತ್ರ ಬೇರೆಯಾಯಿತು. ಯಾವುದೋ ಕಂಪನಿಯ ಮಾರಾಟಗಾರನೊಬ್ಬ ಬಣ್ಣದ ಕರಪತ್ರ ತಂದುಕೊಟ್ಟು, ಒಂದು ಕಪ್ ಚಹಾ ಕುಡಿದು ಹೋದ. ಆಳೆತ್ತರದ ಯಂತ್ರ, ಮುಂದೆ ಪೂರ್ತಿ ಗಾಜಿನ ಪರದೆ. ಕಚೇರಿಗೆ ಬಂದವರು ತಾವೇ ಪರದೆ ಮುಟ್ಟಿ ಅರ್ಜಿ ತುಂಬಬಹುದು, ಟೈಪ್ ಮಾಡುವವರು ಬೇಕಿಲ್ಲ. ಹೊಂಬಳ ಸರ್ ಕರಪತ್ರವನ್ನು ಪಕ್ಕಕ್ಕಿಟ್ಟುಕೊಂಡು ಬರೆದರು: "ನೇಕಾರನಿಂದ ನೌಕರನವರೆಗೆ ಯಾರು ಬೇಕಾದರೂ ಸಲೀಸಾಗಿ ಬಳಸಬಹುದಾದ ಯಂತ್ರವಿದು. ಕೀಲಿಮಣೆಗಳ ಕಾಲ ಮುಗಿಯಿತು." ಚುಕ್ಕೆ ಒತ್ತಿ ಎದ್ದು ಊಟಕ್ಕೆ ಹೋದರು.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಕೋಲಿನಿಂದ ಹೊಸ್ತಿಲು ತಟ್ಟಿ ನೋಡಿ ಒಳಗೆ ಬಂದಳು. ಮೂವತ್ತೈದರ ಆಸುಪಾಸು. ಇಳಕಲ್ ಸೀರೆ, ಹೆಗಲಿಗೆ ಚೀಲ. ಕಣ್ಣು ಕಾಣುತ್ತಿರಲಿಲ್ಲ.

"ಹೊಂಬಳ ಸರ್ ಅದಾರೇನ್ರಿ?"

"ನಾನ ಹೊಂಬಳ. ಕೂಡ್ರಿ ತಂಗಿ."

ಅವಳು ಕೂರಲಿಲ್ಲ. ಹೆಸರು ಪ್ರಮಿಳಾ ಕಬಾಡಿ ಎಂದಳು. ಪಕ್ಕದ ಬೆಟಗೇರಿಯ ಒಂದು ನೇಕಾರರ ಸಹಕಾರ ಸಂಘದಲ್ಲಿ ಒಂಬತ್ತು ವರ್ಷದಿಂದ ಟೈಪಿಸ್ಟ್. ನೇಕಾರರು ಬಂದು ಹೇಳಿದ್ದನ್ನು ಕೇಳಿ ಅರ್ಜಿ, ಪತ್ರ ಟೈಪ್ ಮಾಡುವುದು ಅವಳ ಕೆಲಸ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವಿದೆ. ಅದು ಕಿವಿಯಲ್ಲಿ ಹೇಳುತ್ತದೆ, ಇವಳು ಬೆರಳಲ್ಲಿ ಬರೆಯುತ್ತಾಳೆ. ಸಂಘದ ಕಾರ್ಯದರ್ಶಿ ಮೇರವಾಡೆಯವರು ಪ್ರತಿ ಗುರುವಾರ "ಹೊಸದೇನು?" ಕತ್ತರಿಸಿ ನೋಟಿಸು ಬೋರ್ಡಿಗೆ ಹಚ್ಚುವವರು. ಈ ಸಲ ಅದನ್ನು ಬೋರ್ಡಿಗೆ ಹಚ್ಚಲಿಲ್ಲ, ಠರಾವಿಗೆ ಹಚ್ಚಿದರು. ಆ ಯಂತ್ರ ಕೊಳ್ಳತಕ್ಕದ್ದು, ತಿಂಗಳ ಕೊನೆಯಿಂದ ಟೈಪಿಸ್ಟ್ ಹುದ್ದೆ ಅಗತ್ಯವಿಲ್ಲ, ಆಧಾರ: ಲಗತ್ತಿಸಿದ ಪತ್ರಿಕಾ ಲೇಖನ.

"ಮಷೀನ್ ಬಂದೈತ್ರಿ ಸರ್," ಎಂದಳು. "ನನಗೂ ಮುಟ್ಟಿ ನೋಡು ಅಂದ್ರು. ಗಾಜಿನ ಮ್ಯಾಲೆ ಎಲ್ಲಾ ಒಂದ ನಮೂನಿ ಐತ್ರಿ. ಎಲ್ಲಿ ಏನೈತಿ ಹೆಂಗ ಗೊತ್ತಾಗಬೇಕು? ನನ್ನ ಮಾತ್ ಬಿಡ್ರಿ. ಗಂಜಿ ಹಚ್ಚಿ ಹಚ್ಚಿ ನೇಕಾರರ ಬೆರಳ ಒಣಗಿ ಕಟಗಿ ಆಗ್ಯಾವು. ಅವರು ಒತ್ತಿದ್ರ ಅದಕ್ಕ ತಿಳೀಯಂಗೇ ಇಲ್ಲ. ಮತ್ತ ನನ್ನ ಕಡೇನ ಬರ್ತಾರ. ನನ್ನ ಕುರ್ಚಿ ತಗದಾರ."

ಹೊಂಬಳ ಸರ್ ಕರಪತ್ರ ಹುಡುಕುವವರಂತೆ ಮೇಜಿನ ಮೇಲೆ ಕೈಯಾಡಿಸಿದರು.

"ಸರ್, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಆ ಮಷೀನ್ ಮುಟ್ಟಿ ನೋಡೀರೇನ್ರಿ?"

ಕರಪತ್ರ ಹುಡುಕುತ್ತಿದ್ದ ಕೈಯನ್ನು ಹೊಂಬಳ ಸರ್ ಹಿಂದಕ್ಕೆ ತೆಗೆದುಕೊಂಡರು. ಅವರಿಗಿಂತ ಹೆಚ್ಚು ನಾಚಿಕೆ ನನಗಾಯಿತು. ಅವಳ ಕುರ್ಚಿ ತೆಗೆಸಿದ ಆ ವಾಕ್ಯದ ಒಂದೊಂದು ಅಕ್ಷರವೂ ನನ್ನ ಗುಂಡಿಯಿಂದಲೇ ಹೋಗಿತ್ತು.

"ಇಲ್ಲವಾ," ಎಂದರು. "ನಾನು ನೋಡಿಲ್ಲ. ಮೇರವಾಡೆಯವರಿಗೆ ಫೋನ್ ಮಾಡಿ ಹೇಳ್ತೀನಿ."

"ಫೋನ್ ನಡೆಯಂಗಿಲ್ರಿ. ಠರಾವಿಗೆ ಪೇಪರ್ ಹಚ್ಯಾರ. ಅದನ್ನ ತಗಸಬೇಕಂದ್ರ ಮತ್ತೊಂದು ಪೇಪರ್ರ ಬೇಕು. ಶನಿವಾರ ಮೀಟಿಂಗ್ ಐತಿ."

ಅಂದು ಮಂಗಳವಾರ. ಅವಳು ಹೋದ ಮೇಲೆ ಹೊಂಬಳ ಸರ್ ಕನ್ನಡಕ ಒರೆಸಿ ಕುಳಿತರು. "ಈ ಯಂತ್ರಕ್ಕೆ ಕೆಲವು ಮಿತಿಗಳೂ ಇವೆ ಎಂದು ತಿಳಿದುಬಂದಿದೆ" ಎಂದು ಬರೆದರು. ಓದಿದರು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಪೂರ್ತಿ ಹಿಂದಕ್ಕೆ ಬಂದರು. "ಕೆಲವು ಓದುಗರ ಅಭಿಪ್ರಾಯದಂತೆ" ಎಂದು ಶುರುಮಾಡಿ ಅದನ್ನೂ ಅಳಿಸಿದರು. ಆಮೇಲೆ ಎದ್ದು, ಛತ್ರಿ ತೆಗೆದುಕೊಂಡು, ಬೆಟಗೇರಿಗೆ ಹೋದರು. ಮರುದಿನ ಬಂದವರು ಒಂದೇ ಉಸಿರಿಗೆ ಬರೆದರು.

"ಈ ಯಂತ್ರದ ಬಗ್ಗೆ ಬರೆದಾಗ ನಾನು ಅದನ್ನು ಮುಟ್ಟಿ ನೋಡಿರಲಿಲ್ಲ. ನಿನ್ನೆ ಮುಟ್ಟಿ ನೋಡಿದೆ. ಒಂದು ಅರ್ಜಿ ತುಂಬಲು ನನಗೆ ನಲವತ್ತು ನಿಮಿಷ ಹಿಡಿಯಿತು. ನನ್ನ ಹಿಂದೆ ನಿಂತಿದ್ದ ನೇಕಾರರು ಇನ್ನೂ ನಿಂತೇ ಇದ್ದರು. ಅದೇ ಅರ್ಜಿಯನ್ನು ಅಲ್ಲಿನ ಟೈಪಿಸ್ಟ್ ಕಣ್ಣಿಲ್ಲದೆ ಐದು ನಿಮಿಷದಲ್ಲಿ ಮುಗಿಸುತ್ತಿದ್ದರಂತೆ. ಈ ಏಳು ವರ್ಷಗಳಲ್ಲಿ ನಾನು ಹೊಗಳಿದ ಯಾವ ವಸ್ತುವನ್ನೂ ಮುಟ್ಟಿ ನೋಡಿದವನಲ್ಲ."

ಸಂಪಾದಕರು ಅದನ್ನು ಓದಿ ಮೇಜಿನ ಹತ್ತಿರ ಬಂದರು.

"ಹೊಂಬಳರ, ಎರಡ ಸಾಲು ತಿದ್ದುಪಡಿ ಅಂತ ಹಾಕೋಣು. ಇಷ್ಟೆಲ್ಲಾ ಯಾಕ? ಇದನ್ನ ಹಾಕಿದ್ರ ನಾಳೆ ನಿಮ್ಮ ಅಂಕಣಾ ಯಾರು ಓದ್ತಾರ?"

"ಓದೂದು ಬ್ಯಾಡ್ರಿ ಗೌಡ್ರ," ಎಂದರು ಹೊಂಬಳ ಸರ್. "ಠರಾವಿಗೆ ಲಗತ್ತ ಹಚ್ಚಿದ್ರ ಸಾಕು."

ಗುರುವಾರ ಅದು ಅಚ್ಚಾಯಿತು. "ಹೊಸದೇನು?" ಅಲ್ಲಿಗೇ ನಿಂತಿತು. ಹೊಂಬಳ ಸರ್ ಮತ್ತೆ ಕರಡು ತಿದ್ದುವ ಮೇಜಿಗೆ ಹೋದರು. ಶನಿವಾರದ ಸಭೆಯಲ್ಲಿ ಮೇರವಾಡೆಯವರು ಹೊಸ ಲೇಖನವನ್ನು ಕತ್ತರಿಸಿ ಹೊಸ ಠರಾವಿಗೆ ಲಗತ್ತಿಸಿದರು. ಟೈಪಿಸ್ಟ್ ಹುದ್ದೆ ಮುಂದುವರಿಸತಕ್ಕದ್ದು. ಅಷ್ಟು ದೊಡ್ಡ ತಪ್ಪು ಅಷ್ಟು ಸಣ್ಣ ಕಾಗದದಿಂದ ಆಗುವುದಾದರೆ, ಸರಿಯಾಗುವುದೂ ಅಂಥದೇ ಕಾಗದದಿಂದ ಎಂದು ಆಗ ತಿಳಿಯಿತು.

ಆದರೆ ಪ್ರಮಿಳಾಳ ಹಳೆಯ ಕೀಬೋರ್ಡು ಅಷ್ಟರಲ್ಲಿ ಗುಜರಿ ಸೇರಿತ್ತು. ಸುದ್ದಿ ಕೇಳಿದ ಹೊಂಬಳ ಸರ್ ನನ್ನ ವೈರು ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ನಡೆದರು. ಆ ದಾರಿಯಲ್ಲಿ ಮೊದಲ ಬಾರಿಗೆ ನಾನು ಆಕಾಶ ನೋಡಿದೆ. ಅಂಥ ವಿಶೇಷವೇನೂ ಕಾಣಲಿಲ್ಲ, ನಾನು ದಣಿದಿದ್ದೆ. ಅಂಕಣಕಾರರ ಕೆಲಸ ಹೋಯಿತು, ಇನ್ನು ನನಗೂ ಬಿಡುಗಡೆ ಸಿಗಬಹುದು ಎಂದುಕೊಂಡಿದ್ದೆ.

ಪ್ರಮಿಳಾ ನನ್ನನ್ನು ಮುಂದೆ ಎಳೆದುಕೊಂಡಳು. ಬೆರಳಿಟ್ಟು ತಟ್ಟನೆ ನಿಂತಳು.

"ಸರ್, ಇದರ ಮ್ಯಾಲೆ ಏನೋ ಅಂಟೈತಿ ನೋಡ್ರಿ."

"ಅಕ್ಷರಾ ತಂಗಿ. ನಾನ ಬರದು ಹಚ್ಚೀನಿ. ಕೆಳಗಿನವು ಅಳಿಸಿಹೋಗ್ಯಾವು."

"ಅಕ್ಷರಾ ತಗೊಂಡು ನಾನೇನ್ ಮಾಡ್ಲಿ?" ಎಂದು ಅವಳು ನಕ್ಕಳು. "ಅವನ್ನ ತಗೀರಿ."

ಹೊಂಬಳ ಸರ್ ಉಗುರಿನಿಂದ ಒಂದೊಂದೇ ಚೂರು ಕಿತ್ತರು. ಏಳು ವರ್ಷದ ಟೇಪು ಸುಲಭಕ್ಕೆ ಬರುವಂಥದಲ್ಲ. ಕೊನೆಯ ಚೂರು ಹೋದ ಮೇಲೆ ಪ್ರಮಿಳಾ ಮತ್ತೆ ಕೈಯಿಟ್ಟಳು. ಅವಳ ಎರಡು ತೋರುಬೆರಳುಗಳು ಎಲ್ಲೂ ತಡವರಿಸದೆ ನೇರ ನಡುಸಾಲಿಗೆ ಹೋಗಿ ಆ ಎರಡು ಉಬ್ಬುಗಳ ಮೇಲೆ ಕೂತವು. ಅಲ್ಲಿಂದ ಉಳಿದ ಎಂಟು ಬೆರಳುಗಳು ತಮ್ಮ ತಮ್ಮ ಜಾಗ ಹುಡುಕಿಕೊಂಡವು. "ಸಿಕ್ತು," ಎಂದಳು.

ಹನ್ನೆರಡು ವರ್ಷದಲ್ಲಿ ಆ ಉಬ್ಬುಗಳನ್ನು ಹುಡುಕಿದವಳು ಅವಳೊಬ್ಬಳೇ. ಕಾರ್ಖಾನೆಯ ಆ ಹೆಂಗಸು ಸವರಿ ನೋಡಿದ್ದು ಇವಳಿಗಾಗಿ ಎಂದು ಆ ದಿನ ತಿಳಿಯಿತು. ನನಗೆ ಅಳಲು ಬರುವುದಿಲ್ಲ, ಬಂದಿದ್ದರೆ ಅಂದು ಅತ್ತುಬಿಡುತ್ತಿದ್ದೆ.

ಅದಾಗಿ ಒಂಬತ್ತು ವರ್ಷ. ಹೊಂಬಳ ಸರ್ ಈಗಿಲ್ಲ. ಮೇರವಾಡೆಯವರು ನಿವೃತ್ತರಾದರು. ಆಳೆತ್ತರದ ಆ ಯಂತ್ರ ಬಾಗಿಲ ಹಿಂದೆ ನಿಂತಿದೆ, ಅದಕ್ಕೆ ಕ್ಯಾಲೆಂಡರು ತೂಗುಹಾಕಿದ್ದಾರೆ. ನನ್ನ ವೈರು ಸಿಕ್ಕಿಸುವ ಕಂಪ್ಯೂಟರುಗಳು ಮೂರು ಸಲ ಬದಲಾದವು. ನನಗೂ ವಯಸ್ಸಾಗಿದೆ. ದೊಡ್ಡ ಗುಂಡಿ ಒತ್ತಿದರೆ ಕಿರುಗುಟ್ಟುತ್ತದೆ, ಸಂದಿಗಳಲ್ಲಿ ಹತ್ತಿಯ ಎಳೆ ಸೇರಿಕೊಂಡಿದೆ. ಒಂದು ಗುಂಡಿಯ ಮೇಲೂ ಈಗ ಅಕ್ಷರವಿಲ್ಲ. ಬೆಳಿಗ್ಗೆ ಅವಳ ಕೋಲಿನ ಸದ್ದು ಕೇಳಿದಾಗ ಅಯ್ಯೋ ಇನ್ನೊಂದು ದಿನವೇ ಎನಿಸುತ್ತದೆ, ಸುಳ್ಳು ಹೇಳುವುದಿಲ್ಲ.

ಮೊನ್ನೆ ಹೊಸ ಕಾರ್ಯದರ್ಶಿ ಫೋನಿನಲ್ಲಿ ಏನೋ ಓದುತ್ತ ಬಂದರು. "ಪ್ರಮಿಳಾಬಾಯಾರ, ಕೇಳ್ರಿಲ್ಲೆ. ಇನ್ನ ಟೈಪ್ ಮಾಡೂದ ಬ್ಯಾಡಂತ. ಮನಸಿನ್ಯಾಗ ಅಂದುಕೊಂಡ್ರ ಮಷೀನ್ ತಾನ ಬರೀತೈತಂತ. ಕೀಬೋರ್ಡಿನ ಕಾಲ ಮುಗೀತು ಅಂತ ಬರದಾರ ನೋಡ್ರಿ."

ಎಂಟನೆಯದು ಎಂದು ಎಣಿಸಿಕೊಂಡೆ.

ಹೊರಗಿನ ಬೆಂಚಿನ ಮೇಲೆ ನಾಲ್ಕು ಜನ ನೇಕಾರರು ಕಾಯುತ್ತಿದ್ದರು. ಪ್ರಮಿಳಾ ಕಿವಿಗೆ ಹೆಡ್‌ಫೋನು ಏರಿಸಿಕೊಂಡಳು.

"ಬರದವರು ಮುಟ್ಟಿ ನೋಡ್ಯಾರೇನ್ ಕೇಳ್ರಿ," ಎಂದಳು. ಅವಳ ಎರಡು ಬೆರಳುಗಳು ನನ್ನ ಎರಡು ಉಬ್ಬುಗಳ ಮೇಲೆ ಬಂದು ಕೂತವು.