ಜೋಯಾಳ ಅಳತೆಯ ಕುರ್ಚಿ

ಕುಲ್ಸುಂ ಬಿ ಒಂದೇ ಕೈಯಲ್ಲಿ ಮನೆಗೆಲಸ ಮಾಡುವುದನ್ನು ಕಲಿತು ನಾಲ್ಕು ವರ್ಷವಾಗಿತ್ತು. ಇನ್ನೊಂದು ಕೈಯಲ್ಲಿ ಮೊಮ್ಮಗಳು ಜೋಯಾ ಇರುತ್ತಿದ್ದಳು. ಅಕ್ಕಿ ಆರಿಸುವಾಗ, ಹಾಲು ಉಕ್ಕದಂತೆ ಕಾಯುವಾಗ, ಬಾಗಿಲಿಗೆ ಬಂದವರ ಜೊತೆ ಮಾತಾಡುವಾಗ, ಮಗು ಕಂಕುಳಲ್ಲೇ. ಜೋಯಾಗೆ ಕತ್ತು ಸರಿಯಾಗಿ ನಿಲ್ಲುತ್ತಿರಲಿಲ್ಲ. ಕಾಲು ಬಿಗಿ, ಮಾತು ಬಂದಿರಲಿಲ್ಲ. ಕೂರಿಸಿದರೆ ವಾಲಿ ಬೀಳುತ್ತಾಳೆಂದು ಅಜ್ಜಿ ಅವಳನ್ನು ನೆಲಕ್ಕೇ ಬಿಟ್ಟಿರಲಿಲ್ಲ.

ಮಗ ಖುದ್ದೂಸ್ ಬಡಗಿ. ಗುಂಡ್ಲುಪೇಟೆಯಲ್ಲಿ ಅವನು ಮಾಡಿದ ಬಾಗಿಲು, ಮಂಚ ಇಲ್ಲದ ಬೀದಿ ಕಡಿಮೆ. ಸೊಸೆ ಆಯಿಷಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮಗುವಿನ ಊಟ ಮಾತ್ರ ಅಜ್ಜಿಯದೇ. ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಗಂಜಿ ಹಾಕಬೇಕು. ಎರಡು ಚಮಚಕ್ಕೊಂದು ಕೆಮ್ಮು. ಒಂದು ಬಟ್ಟಲು ಮುಗಿಯುವಷ್ಟರಲ್ಲಿ ಒಂದು ಗಂಟೆ. ಆಯಿಷಾ ಚಮಚ ಹಿಡಿದರೆ ಜೋಯಾ ಬಾಯಿ ಬಿಗಿದುಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಮಗುವನ್ನು ಎತ್ತುವಾಗ ಕುಲ್ಸುಂ ಬಿಯ ಸೊಂಟ ಹಿಡಿದುಕೊಂಡಿತು. ಮೂರು ದಿನ ಏಳಲಾಗಲಿಲ್ಲ. ಆ ಮೂರು ದಿನ ಜೋಯಾ ಸರಿಯಾಗಿ ಉಣ್ಣಲೂ ಇಲ್ಲ. ಪಕ್ಕದ ಕೋಣೆಯಲ್ಲಿ ಸೊಸೆ ಬೇಡಿಕೊಳ್ಳುವುದು, ಮಗು ಅಳುವುದು, ಎರಡೂ ಕೇಳಿಸುತ್ತಿದ್ದವು. ನಾನು ಕಣ್ಣು ಮುಚ್ಚಿದರೆ ಈ ಮಗು ಯಾರ ಕೈಗೆ ಬಾಯಿ ತೆರೆಯುತ್ತದೆ? ಆ ಭಯ ಸೊಂಟದ ನೋವಿಗಿಂತ ಹೆಚ್ಚಾಗಿ ಹಿಡಿದುಕೊಂಡಿತು.

ನಾಲ್ಕನೆಯ ದಿನ ಸೊಪ್ಪು ಮಾರುವ ಪುಟ್ಟಿ ಬುಟ್ಟಿ ಇಳಿಸಿ ಒಳಗೇ ಬಂದಳು. ತೆರಕಣಾಂಬಿಯಿಂದ ಮೊದಲ ಬಸ್ಸಿಗೆ ಬರುವವಳು.

"ಏನ್ ಬೂಬಮ್ಮ, ಮೂರ್ ದಿನದಿಂದ ನನ್ ಸೊಪ್ಪಿಗೆ ಜಗಳ ಆಡೋರೇ ಇಲ್ದಂಗಾಯ್ತು."

ಕುಲ್ಸುಂ ಬಿ ಎಲ್ಲವನ್ನೂ ಹೇಳಿದಳು. ಪುಟ್ಟಿ ಮಗುವಿನ ಕಾಲು ಹಿಡಿದು ನೋಡಿದಳು.

"ನನ್ ಮೊಮ್ಮಗ ಮಂಟೇಸ್ವಾಮಿನೂ ಇಂಗೇ ಇದ್ದ ಕಣವ್ವ. ಚಾಮರಾಜನಗರದ ದೊಡ್ಡಾಸ್ಪತ್ರೇಲಿ ತೋರ್ಸುದ್ವಿ. ದಿನಾ ಕೈಕಾಲು ಆಡ್ಸೋದ ನಮ್ಗೇ ಹೇಳ್ಕೊಟ್ರು. ಈಗ ಗೋಡೆ ಹಿಡ್ಕಂಡು ನಿಲ್ತನೆ. ನೀನ್ಯಾಕೆ ಸುಮ್ನೆ ಕೂತಿದ್ದೀಯೆ?"

"ಸುಮ್ನೆ ಕೂತಿಲ್ಲ ಪುಟ್ಟಿ. ಒಂದು ವರ್ಷದವಳಿದ್ದಾಗ ಒಬ್ಬ ಡಾಕ್ಟ್ರಿಗೆ ತೋರಿಸಿದ್ವಿ. ಇದು ವಾಸಿಯಾಗೋದಲ್ಲ ಅಂದ್ಬಿಟ್ರು. ವಾಸಿನೇ ಆಗಲ್ಲ ಅಂದ್ಮೇಲೆ ಮಗೂನ ಬಸ್ಸಲ್ಲಿ ಕುಲುಕಾಡಿಸಿ ಏನು ಮಾಡ್ಲಿ?"

"ನಿನ್ ಅಲ್ಲು ವಾಸಿ ಆದ್ವಾ?"

"ಯಾವ ಹಲ್ಲು?"

"ಉದ್ರೋದ್ವಲ್ಲ, ಅವು. ತಿರ್ಗಾ ಹುಟ್ಟುದ್ವಾ? ಇಲ್ಲ. ಅಂಗಂತ ಉಣ್ಣೋದ ಬುಟ್ಯಾ? ರಸ್ಕು ಟೀಗೆ ಅದ್ದಿ ಮೆತ್ತಗೆ ಮಾಡ್ಕಂಡು ನನಗಿಂತ ಜಾಸ್ತಿ ತಿಂತೀಯೆ. ಈ ಕೂಸೂ ಅಂಗೇ. ಕಾಯ್ಲೆ ಓಗ್ದೆ ಇರ್ಬೋದು. ಅದ್ರ ಜೊತೇಲಿ ಬದ್ಕೋದ ಕಲಿಸ್ಬೋದು."

ಕುಲ್ಸುಂ ಬಿಗೆ ನಗು ಬಂತು. ನಕ್ಕಿದ್ದಕ್ಕೆ ಸೊಂಟ ಚುರ್ ಎಂದಿತು. "ನಗಿಸಿ ಸಾಯಿಸಬೇಡ, ಹೋಗೆ" ಎಂದಳು.

ಮರುದಿನ ಪುಟ್ಟಿ ಹೇಳಿಕಳಿಸಿದ್ದ ಚಿಕ್ಕಮಾದು ಮೂರು ಚಕ್ರದ ಸ್ಕೂಟರಿನಲ್ಲಿ ಬಂದ. ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತ. ಊರುಗೋಲು ಗೋಡೆಗೆ ಒರಗಿಸಿ ಕೂತು, ಮೊದಲು ಮಗುವನ್ನು ತೋರಿಸೋಣ, ಆಮೇಲೆ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕೋಣ ಎಂದ.

"ಚೀಟಿ ಬೇಡಪ್ಪ" ಎಂದಳು ಕುಲ್ಸುಂ ಬಿ. "ಒಂದ್ಸಲ ಬರೆದ್ಬಿಟ್ರೆ ಮಗೂಗೆ ಜೀವಮಾನ ಪೂರ್ತಿ ಅಂಟ್ಕೊಳ್ಳುತ್ತೆ. ನಾಲ್ಕು ಜನಕ್ಕೆ ಗೊತ್ತಾಗುತ್ತೆ."

ಚಿಕ್ಕಮಾದು ಜೇಬಿನಿಂದ ತನ್ನದೇ ಕಾರ್ಡು ತೆಗೆದು ಅವಳ ಕೈಗಿಟ್ಟ. "ನಮ್ಮಪ್ಪನೂ ಇಂಗೇ ಅಂದಿದ್ದ ಅಮ್ಮ. ನನ್ನ ಕಾಲು ಪೋಲಿಯೋದಲ್ಲಿ ಓಗಿರೋದು ಊರ್ಗೆಲ್ಲ ಗೊತ್ತಿತ್ತು. ಗೊತ್ತಿಲ್ದೆ ಇದ್ದದ್ದು ಸರ್ಕಾರಕ್ಕೊಂದೇ. ಅದಕ್ಕೆ ಸಿಗ್ಬೇಕಾದ್ದು ಅಷ್ಟ್ ವರ್ಷ ಸಿಗ್ನಿಲ್ಲ."

ಕುಲ್ಸುಂ ಬಿ ಕಾರ್ಡನ್ನು ತಿರುಗಿಸಿ ನೋಡಿದಳು. ಫೋಟೋದಲ್ಲಿ ಅವನು ಮದುವೆ ಗಂಡಿನ ಹಾಗೆ ತಲೆ ಬಾಚಿಕೊಂಡಿದ್ದ. "ಹಾಗಾದ್ರೆ ಜೋಯಾ ಫೋಟೋಗೂ ಚೆನ್ನಾಗಿ ತಲೆ ಬಾಚ್ಬೇಕು" ಎಂದು ಕಾರ್ಡು ಹಿಂದಿರುಗಿಸಿದಳು.

ಆ ವಾರವೇ ಖುದ್ದೂಸ್, ಆಯಿಷಾ ಮಗುವನ್ನು ಎತ್ತಿಕೊಂಡು ಚಾಮರಾಜನಗರದ ಬಸ್ಸು ಹತ್ತಿದರು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಕುಲ್ಸುಂ ಬಿಯೂ ಹೊರಟಳು. ಸೊಪ್ಪು ಮಾರಿ ಅದೇ ಬಸ್ಸಿನಲ್ಲಿ ಊರಿಗೆ ಹೊರಟಿದ್ದ ಪುಟ್ಟಿ ಖಾಲಿ ಬುಟ್ಟಿ ಹಿಡಿದು ತೆರಕಣಾಂಬಿಯಲ್ಲಿ ಇಳಿಯುವಾಗ, "ಅಲ್ಲೋಗಿ ಡಾಕ್ಟ್ರಿಗೆ ನೀನೇ ಪಾಠ ಮಾಡ್ಬುಡ್ಬೇಡ" ಎಂದಳು.

ದೊಡ್ಡಾಸ್ಪತ್ರೆಯಲ್ಲಿ ಇಂಥ ಮಕ್ಕಳನ್ನೇ ನೋಡುವ ವಿಭಾಗವಿತ್ತು. ಡಾಕ್ಟರು ಪರೀಕ್ಷೆ ಮಾಡಿ, ಮೆದುಳಿನ ತೊಂದರೆಯಿಂದ ಸ್ನಾಯು ಬಿಗಿಯಾಗಿದೆ, ಇದು ಯಾರ ತಪ್ಪೂ ಅಲ್ಲ ಎಂದರು. ಆಮೇಲೆ ವ್ಯಾಯಾಮ ಕಲಿಸುವ ರಂಜಿನಿಯ ಬಳಿ ಕಳಿಸಿದರು.

"ಅಜ್ಜಿ, ಮನೇಲಿ ಹೇಗೆ ತಿನ್ನಿಸ್ತೀರೋ ಹಾಗೇ ತಿನ್ನಿಸಿ ನೋಡೋಣ" ಎಂದಳು ರಂಜಿನಿ.

ಕುಲ್ಸುಂ ಬಿ ಮಗುವನ್ನು ಮಲಗಿಸಿಕೊಂಡು ಚಮಚ ಹಾಕಿದಳು. ಜೋಯಾ ಕೆಮ್ಮಿದಳು.

"ಎದೆ ಕಟ್ಟೋದು, ಜ್ವರ ಬರೋದು ಇದೆಯಾ?"

"ತಿಂಗಳಿಗೊಂದ್ಸಲ" ಎಂದಳು ಆಯಿಷಾ.

"ಮಲಗಿಸಿ ತಿನ್ನಿಸಿದ್ರೆ ಗಂಜಿ ಶ್ವಾಸದ ಕಡೆಗೂ ಇಳಿಯುತ್ತೆ. ಕೂರಿಸ್ಬೇಕು. ಗದ್ದ ಸ್ವಲ್ಪ ಕೆಳಗಿರ್ಬೇಕು. ಗಂಜಿ ನೀರಾಗಿರಬಾರದು. ಒಂದು ತುತ್ತು ನುಂಗಿದ ಮೇಲೇ ಇನ್ನೊಂದು."

ಕುಲ್ಸುಂ ಬಿಯ ಮುಖ ಇಳಿದುಹೋಯಿತು. "ಹಾಗಾದ್ರೆ ಮಗೂಗೆ ಕಾಯಿಲೆ ಬಂದಿದ್ದು ನನ್ನ ಕೈಯಿಂದಾನಾ?"

ರಂಜಿನಿ ಆ ಕೈಯನ್ನು ಹಿಡಿದುಕೊಂಡಳು. "ಮಗು ಬದುಕಿರೋದು ಈ ಕೈಯಿಂದ. ಯಾರೂ ಹೇಳಿಕೊಡದಿದ್ರೆ ನಿಮಗೆ ಹೇಗೆ ಗೊತ್ತಾಗ್ಬೇಕು? ಈಗ ಗೊತ್ತಾಯ್ತಲ್ಲ."

ಕೂರಿಸಲು ಗೋಡೆ ಮೂಲೆಯ ಹಾಗೆ ಎರಡೂ ಕಡೆಯಿಂದ ಒರಗು ಕೊಡುವ ಬೆನ್ನು, ಕಾಲ ನಡುವೆ ತಡೆ, ಮುಂದೆ ಹಲಗೆ ಇರುವ ಕುರ್ಚಿ ಬೇಕಿತ್ತು. ಅರ್ಜಿ ಹಾಕಿದರೂ ಬರಲು ತಡವಾಗಬಹುದು ಎಂದು ರಂಜಿನಿ ಹೇಳಿದಾಗ ಖುದ್ದೂಸ್ ಕಿವಿಯ ಮೇಲಿನ ಪೆನ್ಸಿಲ್ ತೆಗೆದ. "ಮೇಡಂ, ಚಿತ್ರಾನೂ ಅಳತೇನೂ ಬರೆದುಕೊಡಿ."

ಎರಡೇ ದಿನದಲ್ಲಿ ಕುರ್ಚಿ ಸಿದ್ಧವಾಯಿತು. ಮುಂದಿನ ವಾರ ಖುದ್ದೂಸ್ ಅದನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಹೊತ್ತು ತಂದ. ಕೂರಿಸಿದರೆ ಜೋಯಾ ಸರ್ರನೆ ಕೆಳಗೆ ಜಾರಿದಳು.

"ಅಳತೆಗಿಂತ ದೊಡ್ಡದಾಯ್ತಲ್ಲ?" ಎಂದಳು ರಂಜಿನಿ.

"ಬೆಳೆಯೋ ಮಗು ಅಂತ ನಾಲ್ಕು ಬೆರಳು ಜಾಸ್ತಿ ಇಟ್ಟೆ. ಹಬ್ಬದ ಬಟ್ಟೆನೂ ಹಾಗೇ ಹೊಲಿಸೋದು."

"ಬಟ್ಟೆ ಮಡಚಬಹುದು, ಕುರ್ಚಿ ಮಡಚೋಕಾಗುತ್ತಾ? ಇವತ್ತಿನ ಜೋಯಾಗೆ ಇವತ್ತಿನ ಅಳತೆ. ಬೆಳೆದ ಮೇಲೆ ಇನ್ನೊಂದು ಮಾಡಿ."

ಖುದ್ದೂಸ್ ಮಗಳ ಮುಂದೆ ಮಂಡಿಯೂರಿ ಟೇಪು ಹಿಡಿದ. ಮಂಡಿಯಿಂದ ಹಿಮ್ಮಡಿ, ಸೊಂಟದಿಂದ ಭುಜ. ಊರಿನ ಬಾಗಿಲನ್ನೆಲ್ಲ ಅಳೆದವನು ತನ್ನ ಮಗುವನ್ನು ಅಳೆದದ್ದು ಅದೇ ಮೊದಲು.

ಆ ಅಳತೆಗೆ ಕುರ್ಚಿಯನ್ನು ಚಿಕ್ಕದು ಮಾಡಿದ ಮೇಲೆ ಜೋಯಾ ಜಾರಲಿಲ್ಲ. ಮೊದಲು ಐದು ನಿಮಿಷ ಕೂತಳು, ಅತ್ತಳು. ಆಮೇಲೆ ಹತ್ತು ನಿಮಿಷ. ದಿನಾ ವ್ಯಾಯಾಮ, ವಾರಕ್ಕೊಮ್ಮೆ ಗುಂಡ್ಲುಪೇಟೆಯಲ್ಲಿ ಶಿಕ್ಷಣ ಇಲಾಖೆಯ ಬಿ.ಆರ್.ಸಿ. ಕಚೇರಿಯಲ್ಲಿ ಇಂಥ ಮಕ್ಕಳಿಗೆಂದೇ ಇರುವ ಕಲಿಕೆ. ಅಲ್ಲಿ ಮಂಟೇಸ್ವಾಮಿಯೂ ಬರುತ್ತಿದ್ದ. ಅವನು ಗೋಡೆ ಹಿಡಿದು ನಡೆಯುವುದನ್ನು ನೋಡಿದರೆ ಜೋಯಾಗೆ ನಗು. ಸೊಂಟ ಹುಷಾರಾದ ಮೇಲೂ ಕುಲ್ಸುಂ ಬಿ ಚಮಚ ಹಿಡಿಯಲಿಲ್ಲ, ಮಗು ತಾಯಿಯ ಕೈಗೂ ಬಾಯಿ ತೆರೆಯಲೆಂದು. ಹಿಡಿಯಬೇಕೆಂದು ಕೈ ತುರಿಸುತ್ತಿತ್ತು, ತಡೆದುಕೊಂಡಳು.

ಮೂರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಜೋಯಾ ಕುರ್ಚಿಯಲ್ಲಿ ಕೂತು ಒಂದು ಬಟ್ಟಲು ಅನ್ನ ಬೇಳೆಯನ್ನು ತಾಯಿಯ ಕೈಯಿಂದ ಪೂರ್ತಿ ಉಂಡಳು. ಒಂದೇ ಸಲ ಕೆಮ್ಮಿದಳು. ಆಯಿಷಾ ಖಾಲಿ ಬಟ್ಟಲನ್ನು ಅತ್ತೆಗೆ ತೋರಿಸಿದಳು.

ಕುಲ್ಸುಂ ಬಿ ನಮಾಜು ಮುಗಿಸಿ ಕೂತಿದ್ದಳು. ನಾಲ್ಕು ವರ್ಷ ತೊಡೆಯ ಮೇಲಿನ ಮಗುವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದೇ ಕೈ ಎತ್ತಿ ದುವಾ ಕೇಳುತ್ತಿದ್ದವಳು ಅವಳು. ಅಂದು ಎರಡೂ ಕೈ ಖಾಲಿಯಿದ್ದವು. ಎರಡನ್ನೂ ಎತ್ತಿದಳು. ಕೇಳುವುದಕ್ಕೆ ಏನೂ ನೆನಪಾಗಲಿಲ್ಲ. ಪುಟ್ಟಿ, ಚಿಕ್ಕಮಾದು, ರಂಜಿನಿ ಎಂದು ಒಂದೊಂದೇ ಹೆಸರು ಹೇಳಿ ಅವರನ್ನು ಚೆನ್ನಾಗಿಡು ಎಂದಳು. ಕೊನೆಗೆ ಮಂಟೇಸ್ವಾಮಿಯ ಕಾಲನ್ನೂ ಸೇರಿಸಿದಳು.

ಓದುತ್ತಿರುವ ತಾಯಂದಿರೇ, ಅಜ್ಜಿಯರೇ, ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಕತ್ತು ನಿಲ್ಲದ, ಕೂರದ, ಊಟಕ್ಕೆ ಕೆಮ್ಮುವ, ಮಾತು ತಡವಾದ ಮಗುವಿದೆಯೇ? ತಾನಾಗಿ ಸರಿಹೋದೀತು ಎಂದು ಕಾಯಬೇಡಿ. ವಾಸಿಯಾಗದು ಎಂದು ಕೈಬಿಡಲೂ ಬೇಡಿ. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಇವತ್ತೇ ಹೇಳಿ, ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಗುರುತಿನ ಚೀಟಿ, ಮಾಸಾಶನ, ಬಸ್ ಪಾಸು, ನಿರಾಮಯ ಆರೋಗ್ಯ ವಿಮೆ, ಇವುಗಳಲ್ಲಿ ನಿಮ್ಮ ಮಗುವಿಗೆ ಯಾವುದು ಸಿಗುತ್ತದೆ ಎಂದು ಗ್ರಾಮ ಪಂಚಾಯಿತಿಯ ಅಥವಾ ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ, ಅದು ಮಗುವಿನ ಹಕ್ಕು. ದಾರಿ ಗೊತ್ತಾದ ಮೇಲೆ ಪುಟ್ಟಿಯ ಹಾಗೆ ಇನ್ನೊಂದು ಮನೆಯ ಬಾಗಿಲಲ್ಲಿ ಬುಟ್ಟಿ ಇಳಿಸಿ, ಎರಡು ಮಾತು ಹೇಳಿ ಬನ್ನಿ.