ಬೆಂಕಿ ವೈದ್ಯರ ಪ್ರಕೃತಿ

ಒಂದರ ಮೇಲೊಂದು ಎರಡು ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿಕೊಂಡು, "ಮೈಯೆಲ್ಲ ಬರೀ ಉಷ್ಣ ಕಣೇ, ಕುದೀತಾ ಇದೆ" ಎಂದು ಹೆಂಡತಿಗೆ ಹೇಳುತ್ತ ಬೆಂಕಿ ವೈದ್ಯರು ಭೇದಿ ಔಷಧದ ಬೇರುಗಳನ್ನು ಕುಟ್ಟಾಣಿಗೆ ಹಾಕಿದರು. ಔಷಧ ಯಾವ ರೋಗಿಗೂ ಅಲ್ಲ, ಅವರಿಗೇ. ನಾಳೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿದು, ಕೆರಳಿದ ಪಿತ್ತವನ್ನೆಲ್ಲ ಬಾಚಿ ಹೊರಗೆ ಹಾಕಬೇಕೆಂಬುದು ಅವರ ಯೋಜನೆ. ಕುಟ್ಟುವಾಗ ಕೈ ನಡುಗಿ ಅರ್ಧ ಪುಡಿ ಮೇಜಿನ ಮೇಲೇ ಚೆಲ್ಲಿತು.

ಬಾಗಿಲಲ್ಲಿ ನಿಂತು ಮಗಳು ಇದನ್ನೆಲ್ಲ ನೋಡುತ್ತಿದ್ದಳು. ಅವಳೂ ವೈದ್ಯೆಯೇ. ಕಾಲೇಜಿನಲ್ಲಿ ಕಲಿತು ಬಂದು ಅಪ್ಪನ ಪಕ್ಕದ ಕುರ್ಚಿಯಲ್ಲೇ ಕೂತು ರೋಗಿಗಳನ್ನು ನೋಡುತ್ತಿದ್ದಳು. ಚಳಿ ಶುರುವಾದಾಗಿನಿಂದ ಅಪ್ಪ ಒಣಗಿ ಕಡ್ಡಿಯಾಗಿದ್ದರು. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಮನೆಯೊಳಗೇ ತಿರುಗುತ್ತಿದ್ದರು. ಈ ಮೈಗೆ ಭೇದಿ ಬೇರೆ ಆದರೆ ಹಾಸಿಗೆ ಹಿಡಿಯುವುದಂತೂ ಖಂಡಿತ, ಮತ್ತೆ ಏಳುವುದು ಮಾತ್ರ ಅನುಮಾನ.

"ಅಪ್ಪಾ, ಇದು ಪಿತ್ತ ಅಲ್ಲ. ವಾತ ಏರಿದೆ ನಿಮಗೆ."

"ನನ್ನ ಮೈ ನನಗೆ ಗೊತ್ತಿಲ್ವಾ? ಹುಟ್ಟಿದಾಗಿಂದ ಪಿತ್ತದ ಮೈ ನಂದು. ಜನ ಬೆಂಕಿ ವೈದ್ಯ ಅಂತ ಸುಮ್ಸುಮ್ನೆ ಕರೀತಾರಾ?"

ಸುಮ್ಮಸುಮ್ಮನೆ ಅಲ್ಲ, ನಿಜವೇ. ಒಂದು ಕಾಲಕ್ಕೆ ಮಂಜು ಬೀಳುವ ಬೆಳಗಿನಲ್ಲಿ ತಣ್ಣೀರು ಸುರಿದುಕೊಂಡು ಹಾಡುತ್ತಿದ್ದ ಮನುಷ್ಯ. ಕಲ್ಲು ತಿಂದರೂ ಕರಗಿಸುವ ಹೊಟ್ಟೆ, ಮೂಗಿನ ತುದಿಯಲ್ಲೇ ಕೋಪ. ಈಗ ಆ ಹೊಟ್ಟೆ ಹೋಗಿ ಹೆಸರು ಮಾತ್ರ ಉಳಿದಿತ್ತು. ಅದನ್ನು ಬಿಡುವುದುಂಟೇ!

"ಇವರು ಹಿಡಿದ ಮೊಲಕ್ಕೆ ಮೂರೇ ಕಾಲು ಪುಟ್ಟಿ. ನೀನು ಬಾಯಿ ನೋಯಿಸ್ಕೋಬೇಡ," ಎಂದು ಅಮ್ಮ ಅಡುಗೆಮನೆಗೆ ನಡೆದಳು. ಅವಳ ಕಣ್ಣು ಕೆಂಪಾಗಿತ್ತು.

ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ಅಪ್ಪ-ಮಗಳಿಗೆ ಒಂದು ಪರಿಪಾಠವಿತ್ತು. ಮಗಳು ಯಾರಾದರೊಬ್ಬ ರೋಗಿಯ ಲಕ್ಷಣಗಳನ್ನು ಹೇಳಬೇಕು, ಹೆಸರು ಮಾತ್ರ ಹೇಳಕೂಡದು. ಅಪ್ಪ ಪ್ರಶ್ನೆ ಕೇಳಿ, ರೋಗಿಯ ಹುಟ್ಟಿನ ಮೈ ಯಾವುದು, ಈಗ ಕೆಟ್ಟಿರುವ ದೋಷ ಯಾವುದು ಎಂದು ಬಿಡಿಸಬೇಕು. "ಹೆಸರು ಗೊತ್ತಾದ್ರೆ ಮನುಷ್ಯ ಕಾಣ್ತಾನೆ, ರೋಗ ಮರೆಯಾಗುತ್ತೆ" ಎನ್ನುವುದು ಅವರ ಮಾತು. ಆ ದಿನ ಮಗಳು ಕುರ್ಚಿ ಹತ್ತಿರ ಎಳೆದುಕೊಂಡು ಶುರುಮಾಡಿದಳು.

"ಒಬ್ಬರಿದ್ದಾರೆ ಅಪ್ಪಾ. ಗಂಡಸರು, ವಯಸ್ಸಾದವರು."

ಅಪ್ಪನ ಕಣ್ಣು ಅರಳಿತು. "ನಿದ್ದೆ?"

"ಕೋಳಿನಿದ್ದೆ. ಎದ್ದು ಓಡಾಡ್ತಾರೆ."

"ಹಸಿವು?"

"ಒಂದು ದಿನ ಇದೆ, ಒಂದು ದಿನ ಇಲ್ಲ. ಹೊಟ್ಟೆ ಉಬ್ಬರಿಸುತ್ತೆ. ಚರ್ಮ ಒಣಗಿದೆ, ಹಿಮ್ಮಡಿ ಒಡೆದಿದೆ. ಕೈ ನಡುಗುತ್ತೆ."

ಇಷ್ಟು ಹೇಳಿ ಅವಳು ಅಪ್ಪನ ಮುಖವನ್ನೇ ನೋಡಿದಳು. ಗೊತ್ತಾಗಿಬಿಟ್ಟರೆ ಮುಗಿಯಿತು, ಕುಟ್ಟಾಣಿ ನನ್ನ ತಲೆಯ ಮೇಲೇ ಬೀಳುತ್ತೆ ಅಂದುಕೊಂಡಳು. ಆದರೆ ಅಪ್ಪ ರೋಗದ ಹಿಂದೆ ಬಿದ್ದಾಗಿತ್ತು. ಬೆಂಕಿ ಬಿದ್ದರೂ ತಿರುಗಿ ನೋಡುವವರಲ್ಲ.

"ಹುಟ್ಟು ಮೈ ಯಾವುದು?"

"ಪಿತ್ತ. ಭಾರೀ ಕೋಪಿಷ್ಠರು."

ಅವರು ತೊಡೆ ತಟ್ಟಿ ನಕ್ಕರು. "ಅಲ್ಲೇ ಎಲ್ರೂ ಎಡವೋದು! ಹುಟ್ಟಿನದು ಹುಟ್ಟಿನದು, ಅದೆಲ್ಲೂ ಹೋಗಲ್ಲ. ಆದ್ರೆ ವಯಸ್ಸಾದ ಮೇಲೆ ಎಂಥಾ ಮೈ ಮೇಲೂ ವಾತ ಸವಾರಿ ಮಾಡುತ್ತೆ. ಒಲೆ ಹಳೇದೇ, ಗಾಳಿ ಹೊಸದು. ಎಳ್ಳೆಣ್ಣೆ ಹಚ್ಚು, ಬಿಸಿನೀರು ಹುಯ್ಯಿ, ಬಿಸಿಬಿಸಿ ಮೆತ್ತಗಿನ ಊಟಕ್ಕೆ ತುಪ್ಪ ಹಾಕು. ಇದೊಂದು ದೊಡ್ಡ ವಿಷಯಾನಾ?"

"ಆದ್ರೆ ಅವರು ತಣ್ಣೀರಲ್ಲೇ ಸ್ನಾನ ಮಾಡ್ತಾರೆ. ಹಸಿ ಸೌತೆಕಾಯಿ, ಕಹಿ ಕಷಾಯ. ನಾಳೆ ಭೇದಿಗೂ ತಗೋತಾರಂತೆ."

"ಭೇದಿಗಾ?" ಬೆಂಕಿ ವೈದ್ಯರು ಮೇಜು ಗುದ್ದಿ ಎದ್ದುನಿಂತರು. "ಆ ಮೈಗಾ? ಮುದುಕ ಸತ್ತೇ ಹೋಗ್ತಾನೆ! ಯಾವ ಕತ್ತೆ ಕೊಟ್ಟಿದ್ದು ಅದನ್ನ? ಕರ್ಕೊಂಡು ಬಾ ಅವನನ್ನ, ಕಿವಿ ಹಿಂಡ್ತೀನಿ!"

ಮಗಳು ಮೇಜಿನ ಮೇಲಿದ್ದ ಕುಟ್ಟಾಣಿಯನ್ನು ನೋಡಿದಳು, ಅಷ್ಟೆ. ಅಡುಗೆಮನೆಯಲ್ಲಿ ತಟ್ಟೆಯೊಂದು ದಡಾರನೆ ಬಿತ್ತು.

ಅಪ್ಪನೂ ಕುಟ್ಟಾಣಿಯನ್ನು ನೋಡಿದರು. ಆಮೇಲೆ ಮೇಜಿನ ಅಂಚಿನಲ್ಲಿ ನಡುಗುತ್ತಿದ್ದ ತಮ್ಮ ಕೈಯನ್ನು ನೋಡಿದರು. ಮೆಲ್ಲಗೆ ಕುರ್ಚಿಯಲ್ಲಿ ಕುಸಿದರು. ಬೈಗುಳ ಈಗ ಬಂತು, ಆಗ ಬಂತು ಎಂದು ಮಗಳು ಕಾದಳು.

"ತನಗೆ ವಯಸ್ಸಾಗಿದೆ ಅಂತ ಆ ರೋಗಿಗೆ ಗೊತ್ತಿದ್ಯಾ?" ಅಪ್ಪ ಬಹಳ ಸಣ್ಣ ದನಿಯಲ್ಲಿ ಕೇಳಿದರು.

"ಇಲ್ಲಪ್ಪಾ. ಯಾರು ಹೇಳಿದ್ರೂ ಕೇಳಲ್ಲ."

"ಹೇಗೆ ಕೇಳ್ತಾನೆ," ಎಂದರು ಬೆಂಕಿ ವೈದ್ಯರು, "ಕತ್ತೆ."

ಹಾಗೆಂದವರೇ ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಮಫ್ಲರ್ ಬಿಚ್ಚಿ ಒರೆಸಿಕೊಂಡರು, ಒರೆಸಿದಷ್ಟೂ ಬಂತು. ಅದರಲ್ಲಿ ನಗುವಿನದೆಷ್ಟು, ಅಳುವಿನದೆಷ್ಟು ಎಂದು ಯಾರೂ ಕೇಳಲಿಲ್ಲ. ಕುಟ್ಟಾಣಿಯನ್ನು ಮಗಳ ಕಡೆಗೆ ತಳ್ಳಿ, "ಎಸಿ ಇದನ್ನ," ಎಂದರು. ಮಗಳಿಗೆ ಗೆದ್ದೆ ಎಂದು ಕೂಗಿ ಕುಣಿಯಬೇಕೆನ್ನಿಸಿತು. ಕುಣಿಯಲಿಲ್ಲ, ಪುಡಿಯನ್ನು ಹಿತ್ತಿಲಿಗೆ ಒಯ್ದು ಚೆಲ್ಲಿ ಬಂದಳು. ನೆಲಕ್ಕೆ ಕಾಲು ತಾಗಿದ ನೆನಪೇ ಅವಳಿಗಿರಲಿಲ್ಲ.

"ಲೇ, ಎಣ್ಣೆ ಬಿಸಿಗಿಡೇ!"

"ಆಗ್ಲೇ ಬಿಸಿಯಾಗಿದೆ ರೀ," ಅಮ್ಮ ಬಟ್ಟಲು ಹಿಡಿದು ಬಂದೇಬಿಟ್ಟಳು. ಅವಳ ಮುಖ ಊರನ್ನೇ ಗೆದ್ದವರ ಮುಖದಂತಿತ್ತು.

ಹಿಂದಿನ ಕೋಣೆಯ ಕಿಟಕಿಯ ಬಿಸಿಲಿಗೆ ಅವರನ್ನು ಕೂರಿಸಿದರು. ಮಗಳು ನೆತ್ತಿಗೆ ಎಣ್ಣೆ ಹಾಕಿದಳು, ಅಮ್ಮ ಪಾದ ತಿಕ್ಕಿದಳು. ಬೆಂಕಿ ವೈದ್ಯರ ಬಾಯಿ ಮಾತ್ರ ನಿಲ್ಲಲಿಲ್ಲ. "ಹಾಗಲ್ಲ, ಬೆರಳಿನ ತುದಿಯಿಂದ. ನಿಧಾನ. ಕಾಲೇಜಲ್ಲಿ ಇದನ್ನೇ ಕಲಿಸಿದ್ರಾ? ಕಿವಿಯ ಹಿಂದೆ... ಹಾಂ... ಅಲ್ಲಿ..." ಮಾತು ಅರ್ಧಕ್ಕೇ ತುಂಡಾಯಿತು. ತಲೆ ಮಗಳ ಅಂಗೈಗೆ ಒರಗಿತು. ಸ್ವಲ್ಪ ಹೊತ್ತಿಗೆ ಗರಗಸ ಎಳೆದಂತೆ ಗೊರಕೆ ಎದ್ದಿತು.

ಮುಂಬಾಗಿಲಲ್ಲಿ ಯಾರೋ "ವೈದ್ಯರು ಇದಾರಾ?" ಎಂದು ಕೂಗಿದರು. ಅಮ್ಮ ಎಣ್ಣೆಕೈಯಲ್ಲೇ ಓಡಿದಳು. ಮಗಳು ಅಲುಗಾಡಲಿಲ್ಲ. ಜೋಮು ಹಿಡಿಯುತ್ತಿದ್ದ ಕೈಯ ಮೇಲೆ ಅಪ್ಪನ ತಲೆ ಬೆಚ್ಚಗೆ, ಭಾರವಾಗಿ ಕೂತಿತ್ತು.