ಡೆಲ್ಫೀನ್ ಅವರ ಶುಕ್ರವಾರಗಳು

ಡೆಲ್ಫೀನ್ ಕಿಂಗ್‌ಬರ್ಡ್ ಅವರು ಸಭೆಯಲ್ಲಿ ಕುಳಿತದ್ದನ್ನು ನಾನು ಕಂಡಿಲ್ಲ. ಮೊಣಕಾಲೆತ್ತರದ ರಬ್ಬರ್ ಬೂಟು, ತೀರಿಕೊಂಡ ಗಂಡನ ಚೌಕಳಿ ಉಣ್ಣೆಕೋಟು, ಅದರ ಜೇಬಿನಿಂದಿಣುಕುವ ಒಣ ಜೊಂಡು, ಈ ವೇಷದಲ್ಲಿ ಗೋಡೆಗೊರಗಿ ನಿಂತು, ಮಾತಾಡುವವರ ಉತ್ಸಾಹವೆಲ್ಲ ಇಳಿಯುವವರೆಗೆ ಕಾದು, ಅವರು ಕೇಳುತ್ತಿದ್ದುದು ಒಂದೇ: "ಈ ಪ್ರಶ್ನೆ ಯಾರ್ದು?"

ಅಮೆರಿಕದ ಉತ್ತರ ಮಿನೆಸೋಟದಲ್ಲಿ, ಅಲ್ಲಿನ ಮೂಲನಿವಾಸಿ ಒಜಿಬ್ವೆ ಜನರಾದ ನಾವೇ ನಡೆಸುವ ಪುಟ್ಟ ಕಾಲೇಜಿನಲ್ಲಿ ಅವರದು ಜೀವಶಾಸ್ತ್ರ, ನನ್ನದು ಇತಿಹಾಸ. ದಿನವಿಡೀ ಪಾಠ ಹೇಳಿ ಗಂಟಲೊಣಗಿಸಿಕೊಳ್ಳುವ ನಮಗೆ ಸಂಶೋಧನೆಯೆಂಬುದು ನಗರದ ವಿಶ್ವವಿದ್ಯಾಲಯದವರ ಸೊತ್ತಾಗಿತ್ತು. ಅವರು ಬೇಸಿಗೆಯಲ್ಲಿ ಬಂದು ನಮ್ಮ ಸರೋವರದ ನೀರು ಒಯ್ಯುತ್ತಿದ್ದರು; ಅದರಲ್ಲೇನಿತ್ತೆಂಬುದು ಎಷ್ಟೋ ಕಾಲದ ಮೇಲೆ ಅವರ ಪ್ರಬಂಧಗಳಿಂದ ನಮಗೆ ತಿಳಿಯುತ್ತಿತ್ತು. ಇತ್ತ, ನಮ್ಮ ಮದುವೆಗೂ ಸಾವಿಗೂ ಬೇಕಾದ ಮನೋಮಿನ್, ನೀರಿನಲ್ಲಿ ತಾನಾಗಿ ಬೆಳೆಯುವ ಆ ಕಾಡುಭತ್ತ, ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿತ್ತು.

ಒಮ್ಮೆ ಆ ವಿಶ್ವವಿದ್ಯಾಲಯದಿಂದ ಪ್ರೊಫೆಸರ್ ಹಾಲ್ವರ್ಸನ್ ಸಹಭಾಗಿತ್ವದ ಪ್ರಸ್ತಾಪ ತಂದರು. ನೀರು ಸಂಗ್ರಹಿಸುವುದು ನಮ್ಮ ಪಾಲು, ಉಳಿದದ್ದೆಲ್ಲ ಅವರದು. ಗೋಡೆಯ ಬಳಿಯಿಂದ ದನಿ ಬಂತು: "ಬಾಟ್ಲಿ ತುಂಬಕ್ಕೆ ನಾವು, ತಲೆ ಓಡ್ಸಕ್ಕೆ ನೀವಾ?"

ಕಾಲೇಜಿನ ಅಧ್ಯಕ್ಷ ವೇಲಂಡ್ ಬೆವೆತುಹೋದರು. "ಅಕ್ಕಾ, ಬಂದೋರನ್ನ ಹೀಗಾ ಓಡ್ಸೋದು?"

"ಓಡಿಸ್ತಿಲ್ಲ ಕಣೋ. ನಮ್ಮ ಮೇಷ್ಟ್ರುಗಳಿಗೆ ಒಂದೊಂದು ಕ್ಲಾಸ್ ಕಮ್ಮಿ ಮಾಡು. ಇಲ್ಲೇ ಒಂದು ಲ್ಯಾಬ್ ಮಾಡ್ಕೊಡು. ಆಮೇಲೆ ಅವರನ್ನ ಊಟಕ್ಕೇ ಕರಿ."

ಪ್ರೊಫೆಸರ್ ಎದ್ದುಹೋದರು. ಕೈಗೆ ಬಂದದ್ದು ತಪ್ಪಿತೆಂದು ನಮ್ಮಲ್ಲೇ ಹಲವರು ಡೆಲ್ಫೀನ್ ಅವರೊಡನೆ ಮಾತು ಬಿಟ್ಟರು. ಆದರೆ ಅವರು ವೇಲಂಡರ ಬೆನ್ನು ಬಿಡಲಿಲ್ಲ. ಕಡೆಗೆ ಒಂದು ಕ್ಲಾಸು ಕಮ್ಮಿಯಾಯಿತು, ಹಳೆಯ ಉಗ್ರಾಣ ಲ್ಯಾಬಾಯಿತು. ಪ್ರತಿ ಶುಕ್ರವಾರ ಅಲ್ಲಿ ಡೆಲ್ಫೀನ್ ಅವರ ಬಿಸಿ ಸೂಪು. ಅದರ ಆಸೆಗೆ ಬಂದವರೆಲ್ಲ ತಮ್ಮದೇ ಒಂದು ಪ್ರಶ್ನೆ ತರಬೇಕು.

ಗಣಿತದ ಆರಿನ್ ಬಾಗಿಲಲ್ಲೇ ತಡವರಿಸಿದ. "ಪಾಠ ಬಿಟ್ರೆ ನಂಗೇನೂ ಬರಲ್ಲ ಅಕ್ಕಾ. ಇದೆಲ್ಲ ನನ್ ಕೈಲಾಗಲ್ಲ."

"ಎಷ್ಟು ಕೈಲಾಗಲ್ಲ ಅಂತ ಅಳೆದು ತೋರ್ಸು, ಒಪ್ತೀನಿ."

ಎಲ್ಲರೂ ನಕ್ಕರು, ಅವನೂ ನಕ್ಕು ಕೂತ. ಭತ್ತದ ಬೆಳವಣಿಗೆಯನ್ನು ನೀರಿನ ಮಟ್ಟದೊಡನೆ ಹೋಲಿಸಿ ನೋಡೋಣವೆಂದವನು ಅವನೇ. ಎರಡು ಬೇಸಿಗೆ ದೋಣಿಯಲ್ಲಿ ಅಲೆದು ಅಳೆದೆವು. ಕಾರಣ ಸಿಕ್ಕಿತು. ಎಳೆಯ ಎಲೆ ನೀರಿನ ಮೇಲೆ ತೇಲುವ ಜೂನಿನಲ್ಲೇ, ಮೋಟಾರು ದೋಣಿಯವರ ವಿಹಾರಕ್ಕೆಂದು ಸರೋವರದ ಕೆಳಗಿನ ಅಣೆಕಟ್ಟೆಯವರು ತೂಬು ಮುಚ್ಚುತ್ತಿದ್ದರು. ನೀರೇರಿ ಸಸಿಗಳು ಬೇರುಸಹಿತ ಕಿತ್ತುಬರುತ್ತಿದ್ದವು. ನಮ್ಮ ಬುಡಕಟ್ಟಿನ ಮಂಡಳಿ ಅಳತೆಗಳನ್ನು ಮುಂದಿಟ್ಟು ಹಟ ಹಿಡಿದು ತೂಬು ತೆರೆಸಿತು.

ಮರುವರ್ಷದ ಶರತ್ಕಾಲದಲ್ಲಿ ದೋಣಿ ತಿರುಗಿಸಲೂ ಜಾಗವಿಲ್ಲದಂತೆ ತೆನೆ ನಿಂತಿತ್ತು. ನಾನು ಗಳೆ ಹಾಕಿ ದೋಣಿ ನೂಕುತ್ತಿದ್ದೆ. ಡೆಲ್ಫೀನ್ ಕೋಲಿನಿಂದ ತೆನೆ ಬಡಿದಂತೆಲ್ಲ ಕಾಳು ಮಳೆಯಾಗಿ ದೋಣಿಗೆ ಸುರಿಯುತ್ತಿತ್ತು. ಅವರು ಅಳುತ್ತಿದ್ದರು, ಕೈ ಮಾತ್ರ ನಿಲ್ಲಲಿಲ್ಲ.

ಆ ಚಳಿಗಾಲ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಆರಿನ್ ನಮ್ಮೆಲ್ಲರ ಹೆಸರಿನ ಪ್ರಬಂಧ ಓದಿದ. ಮೊದಲು ಎದ್ದು ಚಪ್ಪಾಳೆ ತಟ್ಟಿದವರು ಹಾಲ್ವರ್ಸನ್.

"ನಮ್ಮ ವಿದ್ಯಾರ್ಥಿಗಳನ್ನ ನಿಮ್ಮ ಹತ್ರ ಕಲಿಯೋಕೆ ಕಳಿಸ್ಬಹುದಾ?" ಎಂದು ಕೇಳಿದರು.

"ಕಳ್ಸಿ, ಕಳ್ಸಿ," ಎಂದರು ಡೆಲ್ಫೀನ್. "ಈಜು ಬರಬೇಕು, ಅಷ್ಟೆ."

ತಾವೊಬ್ಬರೇ ಬೆಳೆಯಬಲ್ಲವರು ಸಣ್ಣ ಕಾಲೇಜುಗಳನ್ನು ಬಿಟ್ಟು ದೊಡ್ಡ ಊರು ಸೇರುತ್ತಾರೆ. ಡೆಲ್ಫೀನ್ ಅವರಂಥವರು ಉಳಿದು, ಪಕ್ಕದ ಕುರ್ಚಿಯವರ ಅಳುಕು ಕಳೆಯುವುದರಲ್ಲೇ ಆಯುಷ್ಯ ಸವೆಸುತ್ತಾರೆ. ಅವರು ಸ್ವತಃ ಬರೆದದ್ದು ಸ್ವಲ್ಪವೇ. ಆದರೆ ತಮ್ಮ ನೆಲದ ಸುದ್ದಿಯನ್ನು ಅನ್ಯರ ಬಾಯಿಂದ ಕೇಳಿ ತಲೆದೂಗುತ್ತಿದ್ದ ಜನ, ಇಂಥವರು ನಡುವೆ ಇದ್ದ ಒಂದೇ ಕಾರಣಕ್ಕೆ, ಒಂದು ದಿನ ತಾವೇ ಎದ್ದು ನಿಂತು ಹೇಳತೊಡಗುತ್ತಾರೆ, ಲೋಕ ಕೇಳಿಸಿಕೊಳ್ಳುತ್ತದೆ.